ಬಂದು ಸೇರಿಕೊಂಡ ‘ಬಂದು’

ಅನ್ನದಲ್ಲಿ ಕಲ್ಲು ಸಿಕ್ಕರೆ ಸದ್ದಿಲ್ಲದೆ ಎಲೆಯ ಪಕ್ಕಕ್ಕಿಡುವಷ್ಟು ಸೈರಣೆ ನಮಗುಂಟು. ಮಾತಿನಲ್ಲಿ ಕಲ್ಲು ಸಿಕ್ಕರೆ ಮಾತ್ರ ತಡೆಯಲಾರೆವು. ಹಳೆಯ ಚಟ, ಓದುಗರು ಮನ್ನಿಸಬೇಕು.

ಬೆಸೆಂಟ್ ನಗರದಲ್ಲಿ ಈ ಚಟಕ್ಕೆ ಮೇವು ಧಾರಾಳ. ಸಂಜೆ ಎಲಿಯಟ್ಸ್ ಬೀಚಿನ ಕಡೆ ಹೊರಟರೆ ಒಬ್ಬಿಬ್ಬರಾದರೂ ಕನ್ನಡದವರು ಎದುರಾಗುತ್ತಾರೆ. “ಯಜಮಾನರು ಹೇಗಿದ್ದಾರಮ್ಮಾ?” ಎಂದು ಕೇಳುತ್ತೇವೆ. “ಅವರು ಬಂದು ಊರಲ್ಲಿಲ್ಲ” ಎಂಬ ಉತ್ತರ! ಬಂದವರು ಊರಲ್ಲಿಲ್ಲದೆ ಎಲ್ಲಿ ಹೋದರು? ಇದು ತಮಿಳಿನ ‘ವಂದು’. ಮಾತಿನ ನಡುವೆ ಉಸಿರೆಳೆದುಕೊಳ್ಳಲು ತಮಿಳರು ಬಳಸುವ ಈ ಪದಕ್ಕೆ ನಮ್ಮವರು ಕನ್ನಡದ ಅಂಗಿ ತೊಡಿಸಿದ್ದಾರೆ. ಬೆಂಗಳೂರಿನವರು ನಗಬೇಕಾಗಿಲ್ಲ. ಅವರಿಗೆ ‘ಏನಪ್ಪಾ ಅಂದ್ರೆ’, ‘ಆಕ್ಚುಯಲಿ’, ‘ಬೇಸಿಕಲಿ’ ಎಂಬ ಮೂರು ಊರುಗೋಲುಗಳಿಲ್ಲದೆ ಒಂದು ವಾಕ್ಯ ನಡೆಯುವುದಿಲ್ಲ. ಇನ್ನು ಸಭೆಗಳಲ್ಲಿ ‘ಅವರುಗಳು’. ‘ಅವರು’ ಎಂದರೇ ಬಹುವಚನ. ಅದಕ್ಕೆ ‘ಗಳು’ ಎಂಬ ಬಾಲವೇಕೆ?

ಹೀಗೆ ತಿದ್ದುತ್ತ ಹಾಯಾಗಿದ್ದೆವು. ಒಂದು ಮಧ್ಯಾಹ್ನ ಆರು ವರ್ಷದ ಮೊಮ್ಮಗಳು ಶಾಲೆಯಿಂದ ಬಂದವಳೇ, “ತಾತಾ, ನಂಗೆ ಪಸಿ ಆಗ್ತಿದೆ” ಎಂದಳು.

“ಪಸಿ ಅಲ್ಲ ಮಗು, ಹಸಿವು. ಎಲ್ಲಿ, ಹೇಳು?”

“ನಂಗೆ ಹಸಿವು.”

“‘ನಂಗೆ’ ಅಲ್ಲ, ‘ನನಗೆ’.”

ಮಗು ನಮ್ಮ ಮುಖವನ್ನೇ ನೋಡಿ, ಅಡಿಗೆಮನೆಗೆ ಹೋಗಿ, ಕೆಲಸದಾಕೆಯನ್ನು ತಮಿಳಿನಲ್ಲಿ ಕೇಳಿ ಉಂಡಿತು. ಅಂದಿನಿಂದ ನಮ್ಮೊಡನೆ ಅವಳ ಮಾತು ‘ಯೆಸ್’, ‘ನೋ’ಗಳಿಗೆ ಇಳಿಯಿತು. ತಿಂಗಳು ಕಳೆಯಿತು. ಮನೆಯಾಕೆ ಒಂದೇ ಮಾತು ಹೇಳಿದಳು: “ಮಗು ಅನ್ನ ಕೇಳಿತು, ನೀವು ವ್ಯಾಕರಣ ಬಡಿಸಿದಿರಿ.”

ಆ ರಾತ್ರಿ ನಿದ್ದೆ ಬಾರದೆ ನಿಘಂಟು ತೆರೆದೆವು. ‘ಪಸಿವು’ ನಮ್ಮನ್ನೇ ನೋಡುತ್ತಿತ್ತು! ಹಳಗನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’, ಹೂ ‘ಪೂ’. ಕ್ರಮೇಣ ಕನ್ನಡದ ಪಕಾರ ಹಕಾರವಾಯಿತು. ತಮಿಳು ಪಕಾರವನ್ನೇ ಉಳಿಸಿಕೊಂಡಿತು. ಹತ್ತನೆಯ ಶತಮಾನದ ಪಂಪನ ಕಾಲದಲ್ಲಿ ಸಾಧುವಾಗಿದ್ದ ಪಕಾರಕ್ಕೆ ನಾವು ಮಗುವಿನ ಊಟ ತಡೆದಿದ್ದೆವು. ನಾವು ಹಳಿದ ‘ಅವರುಗಳು’ ಕೂಡ ತಮಿಳಿನಲ್ಲಿ ‘ಅವರ್ಗಳ್’ ಎಂದು ಮರ್ಯಾದೆಯಿಂದ ಬಾಳುತ್ತಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವಂತೂ ಆಗಲೇ ಎಚ್ಚರಿಸಿತ್ತು: ದೇಸಿ ಬೇರೆ ಬೇರೆಯಾಗಿರುವುದರಿಂದ ಕನ್ನಡಗಳ ದೋಷಗಳನ್ನು ಅರಿಯಲಾರದೆ ವಾಸುಕಿಯೂ ಬೇಸರಪಡುತ್ತಾನೆಂದು. ಸಾವಿರ ನಾಲಗೆಯವನಿಗೇ ಸಾಲದ ಕೆಲಸಕ್ಕೆ ಒಂದೇ ನಾಲಗೆಯ ನಾವು ಕೈಹಾಕಿದ್ದೆವು.

ತಪ್ಪೆಲ್ಲ ಒಪ್ಪೆಂದು ಹೇಳುತ್ತಿಲ್ಲ. ಹೊಸಗನ್ನಡಕ್ಕೆ ‘ಹಸಿವು’ ಬೇಕು. ಅದನ್ನು ಮಗು ಕಲಿಯಲೂ ಬೇಕು. ಆದರೆ ಶಾಲೆ, ಬೀದಿ, ಆಟ ಎಲ್ಲ ಬೇರೆ ನುಡಿಯಲ್ಲಿ ನಡೆಯುವ ಊರಿನಲ್ಲಿ ಮಗುವಿನ ಕನ್ನಡಕ್ಕೆ ಮನೆಯೊಂದೇ ನೆಲೆ. ಅಲ್ಲಿಯೂ ಹೆಜ್ಜೆಗೊಂದು ತಡೆ ಹಾಕಿದರೆ ಅದು ಮತ್ತೆಲ್ಲಿ ಓಡಾಡಬೇಕು? ಈಗ ನಮ್ಮ ಕ್ರಮ ಬೇರೆ. ‘ಪಸಿ’ ಎಂದರೆ, “ಹಸಿವಾಯಿತೇನಮ್ಮಾ? ಬಾ, ಕೂತುಕೋ” ಎಂದು ತಟ್ಟೆ ಇಡುತ್ತೇವೆ. ಸರಿಯಾದ ಪದ ಕಿವಿಗೂ ಬಿತ್ತು, ಅನ್ನ ಹೊಟ್ಟೆಗೂ ಬಿತ್ತು.

ಮೊನ್ನೆ ಅವಳೇ ಓಡಿಬಂದು ನಮ್ಮ ಪಂಚೆ ಜಗ್ಗಿದಳು. “ತಾತಾ, ಇವತ್ತು ಬಂದು ಸ್ಕೂಲಲ್ಲಿ ಬಂದು ಏನಾಯ್ತು ಗೊತ್ತಾ?”

ಎರಡು ‘ಬಂದು’ಗಳನ್ನೂ ಎಲೆಯ ಪಕ್ಕಕ್ಕಿಟ್ಟು, “ಏನಾಯ್ತು ಮಗು?” ಎಂದೆವು.