ಮೂವತ್ತು ರೂಪಾಯಿ ರೀಚಾರ್ಜು ಮತ್ತು ಮೆಟಾಲಿಕಾ

ಮೊನ್ನೆ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಮೆಟಾಲಿಕಾ ಟೀ ಶರ್ಟ್ ಹಾಕ್ಕೊಂಡು ಆಫೀಸಿಗೆ ಬಂದಿದ್ದ. ಸುಮ್ಮನಿರಲಾರದೆ, "ಲೈವ್ ನೋಡಿದೀನಿ ಮಗಾ, 2011ರಲ್ಲಿ, ಇಲ್ಲೇ ಪ್ಯಾಲೇಸ್ ಗ್ರೌಂಡ್ಸಲ್ಲಿ" ಅಂದೆ. ಗಾಂಧೀಜೀನ ಕಣ್ಣಾರೆ ಕಂಡ ತಾತನನ್ನು ನೋಡಿದ ಹಾಗೆ ನನ್ನನ್ನು ನೋಡಿದ. ಕ್ಯಾಂಟೀನಿನಲ್ಲಿ ಕೂತು ಕಥೆ ಪೂರ್ತಿ ಹೇಳಿದೆ. ಪೂರ್ತಿ ಅಂದರೆ, ಹೇಳಿಕೊಳ್ಳೋಕೆ ಚೆನ್ನಾಗಿರುವ ಅರ್ಧ. ಉಳಿದ ಅರ್ಧ ಇಲ್ಲಿ ಬರೀತಿದೀನಿ.

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕು, ತೆರಕಣಾಂಬಿ ಹತ್ತಿರದ ಒಂದು ಹಳ್ಳಿ. ಅರಿಶಿನ, ಟೊಮೆಟೊ, ಚೆಂಡು ಹೂವು ಬೆಳೆಯೋ ಕಡೆ. ಪಿಯುಸಿ ಓದಿದ್ದು ಚಾಮರಾಜನಗರದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಅಲ್ಲಿ ಸಿಕ್ಕವನು ನನ್ನ ಗೆಳೆಯ. ಭುವನೇಶ್ವರಿ ಸರ್ಕಲ್ ಕಡೆಯ ಒಂದು ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸ್ತಿದ್ದರು. ಇವನು ದರ್ಶನ್ ಹಾಡು ತುಂಬಿಸೋಕೆ ಕೊಟ್ಟಿದ್ದ, ಯಾರದೋ ಕಂಪ್ಯೂಟರಿನ ಬೇರೆ ಫೋಲ್ಡರ್ ಬಂದುಬಿಟ್ಟಿತ್ತು. ಅದರಲ್ಲಿತ್ತು 'ಮಾಸ್ಟರ್ ಆಫ್ ಪಪೆಟ್ಸ್'. ಎಂಟೂವರೆ ನಿಮಿಷದ ಹಾಡು. ಒಂದು ಪದ ಅರ್ಥ ಆಗಲಿಲ್ಲ. "ಇದೇನ್ಲಾ, ಮಿಕ್ಸಿಗೆ ಕಲ್ಲು ಹಾಕ್ದಂಗ ಅದ" ಅಂದೆ. "ಇನ್ನೊಂದ್ಸಲ ಕೇಳು" ಅಂದ. ಎರಡು ವರ್ಷ ಆ ಒಂದೇ ಇಯರ್‌ಫೋನಿನ ಎಡಗಡೆದು ಅವನಿಗೆ, ಬಲಗಡೆದು ನನಗೆ.

ಬ್ಯಾಂಡಿನ ಚರಿತ್ರೆಯನ್ನೆಲ್ಲ ಅವನೇ ಸೈಬರ್ ಸೆಂಟರಿನಲ್ಲಿ ಓದಿಕೊಂಡು ಬಂದು ಹೇಳ್ತಿದ್ದ. 1981ರಲ್ಲಿ ಲಾಸ್ ಏಂಜಲೀಸಿನಲ್ಲಿ ಶುರುವಾದದ್ದು, 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ಸು ಮಗುಚಿ ಬೇಸ್ ಗಿಟಾರಿನ ಕ್ಲಿಫ್ ಬರ್ಟನ್ ತೀರಿಕೊಂಡದ್ದು. ಅವನು ಅದನ್ನು ಹೇಳೋವಾಗ ನಮ್ಮ ಕೇರಿಯವನೇ ಯಾರೋ ಸತ್ತ ಹಾಗೆ ದನಿ ಇಳಿಸ್ತಿದ್ದ.

2011ರಲ್ಲಿ ನನಗೆ ಮೈಸೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಅವನಿಗೆ ಮ್ಯಾಥ್ಸ್ ಹೋಯಿತು. ಊರಿನಲ್ಲೇ ಒಂದು ರೀಚಾರ್ಜ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತ.

ಅದೇ ವರ್ಷ ಸುದ್ದಿ ಬಂತು: ಮೆಟಾಲಿಕಾ ಮೊದಲ ಸಲ ಇಂಡಿಯಾಕ್ಕೆ ಬರ್ತಿದೆ. ಅಕ್ಟೋಬರ್ 28ಕ್ಕೆ ದೆಹಲಿ ಪಕ್ಕದ ಗುರ್‌ಗಾಂವ್, 30ಕ್ಕೆ ಬೆಂಗಳೂರು. ಪ್ಯಾಲೇಸ್ ಗ್ರೌಂಡ್ಸಿಗೆ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ಬಂದು ಹೋಗಿದ್ದರು. ಆಗ ನಾವಿನ್ನೂ ಚಡ್ಡಿ ಹುಡುಗರು. ಈ ಸಲ ಬಿಟ್ಟರೆ ಮತ್ತೆಂದು?

ಟಿಕೆಟ್ ಬೆಲೆ ನನ್ನ ತಿಂಗಳ ಮೆಸ್ ಬಿಲ್ಲಿಗಿಂತ ಜಾಸ್ತಿ. ರೆಫರೆನ್ಸ್ ಪುಸ್ತಕ ಅಂತ ಅಪ್ಪನ ಹತ್ತಿರ ದುಡ್ಡು ಕೇಳಿದೆ. ಟೊಮೆಟೊ ಮಾರಿದ ದುಡ್ಡು, ಎಣಿಸಿಕೂಡ ನೋಡದೆ ಕೊಟ್ಟರು. ಸೀನಿಯರ್ ಒಬ್ಬರ ಡೆಬಿಟ್ ಕಾರ್ಡಿನಲ್ಲಿ ಒಂದು ಟಿಕೆಟ್ ಬುಕ್ ಮಾಡಿಸಿದೆ. ಒಂದೇ ಒಂದು.

ಗೆಳೆಯನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಹೇಗಾದರೂ ಸಾಲ ಮಾಡ್ತಿದ್ದ, ಇಲ್ಲಾ ನನ್ನನ್ನು ಕೇಳ್ತಿದ್ದ. ಕೇಳಿಬಿಟ್ಟರೆ ಅನ್ನೋ ಭಯಕ್ಕೇ ಹೇಳಲಿಲ್ಲ. ಹಾಡು ಕೊಟ್ಟವನು ಅವನು, ಟಿಕೆಟ್ ನನ್ನ ಜೇಬಿನಲ್ಲಿ. ಕೊನೆಗೆ ದೀಪಾವಳಿಗೆ ಊರಿಗೆ ಹೋದಾಗ ಬಾಯಿಬಿಟ್ಟೆ. "ಹೌದಾ... ಹೋಗ್ಬುಟ್ಟು ಬಾ ಮಗಾ. ಭಾನ್ವಾರ ನಂಗ ಅಂಗ್ಡಿ ಅದ" ಅಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶನಿವಾರ ಬೆಳಿಗ್ಗೆ ಪೇಪರ್ ನೋಡಿ ಜೀವ ಬಾಯಿಗೆ ಬಂತು. ಗುರ್‌ಗಾಂವ್ ಶೋ ನಿಂತುಹೋಗಿತ್ತು. ಸ್ಟೇಜ್ ಮುಂದಿನ ಬ್ಯಾರಿಕೇಡ್ ಸಮಸ್ಯೆ, ಜನ ಸಿಟ್ಟಿಗೆದ್ದು ಸಿಕ್ಕಿದ್ದನ್ನೆಲ್ಲ ಮುರಿದು ಹಾಕಿದ್ದರು. ಬೆಂಗಳೂರಿನದೂ ನಿಂತರೆ? ಅಪ್ಪನ ದುಡ್ಡೂ ಹೋಯ್ತು, ಸುಳ್ಳೂ ದಂಡ. "ಸೋಮ್ವಾರ ಟೆಸ್ಟ್ ಅದ" ಅಂತ ಅವ್ವನಿಗೆ ಹೇಳಿ ಮೈಸೂರು ಬಸ್ ಹತ್ತಿದೆ. ಅವ್ವ ಒಂದು ಡಬ್ಬಿ ಕಜ್ಜಾಯ ಕಟ್ಟಿಕೊಟ್ಟಳು.

ಪ್ಯಾಲೇಸ್ ಗ್ರೌಂಡ್ಸ್ ಗೇಟಿನಲ್ಲಿ ಸೆಕ್ಯುರಿಟಿಯವರು ಡಬ್ಬಿ ಒಳಗೆ ಬಿಡಲ್ಲ ಅಂದರು. ಬಿಸಾಡೋಕೆ ಮನಸ್ಸು ಬರಲಿಲ್ಲ. ಕ್ಯೂನಲ್ಲೇ ನಿಂತು ಮೂರು ತಿಂದೆ, ಉಳಿದದ್ದನ್ನು ಮುಂದಿದ್ದ ಮಲಯಾಳಿ ಹುಡುಗರಿಗೆ ಕೊಟ್ಟೆ. ಕಪ್ಪು ಟೀ ಶರ್ಟ್, ಉದ್ದ ಕೂದಲು, ಕೈಯಲ್ಲಿ ಕಜ್ಜಾಯ. ಆ ದಿನದ ಫೋಟೋ ಇದ್ದಿದ್ದರೆ ಅದೇ ಇರಬೇಕಿತ್ತು.

ಮೈದಾನ ಪೂರ್ತಿ ಕೆಸರು, ನಮ್ಮ ಗದ್ದೆಯೇ ವಾಸಿ. ಮೊದಲು ನಮ್ಮ ಬೆಂಗಳೂರಿನವರೇ ಆದ ಇನ್ನರ್ ಸ್ಯಾಂಕ್ಟಮ್, ಆಮೇಲೆ ಸ್ಕಾಟ್ಲೆಂಡಿನ ಬಿಫಿ ಕ್ಲೈರೋ ನುಡಿಸಿದರು. ನಿಜ ಹೇಳ್ತೀನಿ, ನನಗೆ ಅದ್ಯಾವುದೂ ಕಿವಿಗೆ ಬೀಳಲಿಲ್ಲ. ಲೈಟ್ ಆರಿದವು. ಮೊರಿಕೋನೆಯ 'ಎಕ್ಸ್‌ಟಸಿ ಆಫ್ ಗೋಲ್ಡ್' ಶುರುವಾಯಿತು. ಮೆಟಾಲಿಕಾ ಎಂಬತ್ತರ ದಶಕದಿಂದ ಸ್ಟೇಜಿಗೆ ಬರೋದು ಆ ಸಿನಿಮಾ ಸಂಗೀತದ ಜೊತೆಗೇ. ಸಾವಿರಾರು ಜನ ಆ ರಾಗವನ್ನು ಬಾಯಲ್ಲೇ ಹಾಡ್ತಿದ್ದರು. ಇಷ್ಟು ಜನಕ್ಕೆ ಇದು ಗೊತ್ತಾ! ನಾನು ಇಷ್ಟು ದಿನ ಈ ಹಾಡುಗಳು ನಮ್ಮಿಬ್ಬರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ.

ಲಾರ್ಸ್ ಉಲ್ರಿಚ್ ಡ್ರಮ್ಮಿನ ಮೊದಲ ಏಟು ಕಿವಿಗೆ ಬೀಳಲಿಲ್ಲ, ಎದೆಗೆ ಬಿತ್ತು. ಊರ ಹಬ್ಬದಲ್ಲಿ ತಮಟೆ ಪಕ್ಕ ನಿಂತವರಿಗೆ ಇದು ಗೊತ್ತಿರುತ್ತೆ. ಹೆಡ್‌ಫೋನಿನಲ್ಲಿ ಸಂಗೀತ ತಲೆಯೊಳಗೆ ಇರುತ್ತೆ, ಅಲ್ಲಿ ನಾವೇ ಅದರೊಳಗೆ ಇರ್ತೀವಿ. 'ಒನ್' ಹಾಡಿಗೆ ಮೊದಲು ಗುಂಡಿನ ಸದ್ದು, ಬೆಂಕಿ. 'ಮಾಸ್ಟರ್ ಆಫ್ ಪಪೆಟ್ಸ್' ಬಂದಾಗ ನಾನು ಕುಣಿಯಲೇ ಇಲ್ಲ. ಸುಮ್ಮನೆ ನಿಂತಿದ್ದೆ. ಎಡಗಡೆ ಕಿವಿಯ ಯಜಮಾನ ಪಕ್ಕದಲ್ಲಿ ಇರಲಿಲ್ಲ.

'ನಥಿಂಗ್ ಎಲ್ಸ್ ಮ್ಯಾಟರ್ಸ್' ಶುರುವಾಗ್ತಿದ್ದ ಹಾಗೆ ಅವನಿಗೆ ಫೋನ್ ಮಾಡಿದೆ. ಆ ಜನಜಂಗುಳಿಯಲ್ಲಿ ನೆಟ್‌ವರ್ಕ್ ಹೇಗೆ ಸಿಕ್ಕಿತೋ ದೇವರಿಗೇ ಗೊತ್ತು. "ಕೇಳ್ಸ್ಕೋ" ಅಂತ ಕಿರುಚಿ ಮೊಬೈಲನ್ನು ತಲೆ ಮೇಲೆ ಎತ್ತಿ ಹಿಡಿದೆ. ಹಾಡು ಅರ್ಧ ಆಗಿರಬೇಕು, ಕಾಲ್ ಕಟ್ಟಾಯಿತು. ಬ್ಯಾಲೆನ್ಸ್ ಖಾಲಿ. ಥೂ ಅಂತ ಜೇಬಿಗೆ ಹಾಕಿಕೊಳ್ಳೋಷ್ಟರಲ್ಲಿ ಮೆಸೇಜ್ ಬಂತು: ಮೂವತ್ತು ರೂಪಾಯಿ ರೀಚಾರ್ಜ್ ಆಗಿದೆ. ಅಂಗಡಿಯ ರೀಚಾರ್ಜ್ ಸಿಮ್ ರಾತ್ರಿ ಅವನ ಹತ್ತಿರವೇ ಇರ್ತಿತ್ತು. ಮತ್ತೆ ಫೋನ್ ಮಾಡಿದೆ. ಕೈ ಸೋಲುವ ತನಕ ಎತ್ತಿಹಿಡಿದಿದ್ದೆ.

ಶೋ ಮುಗಿದ ಮೇಲೆ ಕೆಸರು ಮೆತ್ತಿದ ಚಪ್ಪಲಿ ಕೈಯಲ್ಲಿ ಹಿಡಿದು ಮೇಖ್ರಿ ಸರ್ಕಲ್ ತನಕ ನಡೆದೆ. ಸಿಕ್ಕ ಆಟೋದಲ್ಲಿ ಸ್ಯಾಟಲೈಟ್ ಬಸ್ ಸ್ಟಾಂಡ್, ಅಲ್ಲಿಂದ ಮೈಸೂರು. ಬೆಳಿಗ್ಗೆ ಅಪ್ಪನ ಫೋನು. ಕಿವಿ ಗುಂಯ್ ಅಂತಿತ್ತು, ಅವರು ಹೇಳಿದ್ದು ಒಂದೂ ಕೇಳಿಸಲಿಲ್ಲ. "ಟೆಸ್ಟು ಚೆನ್ನಾಗಾಯ್ತು" ಅಂದೆ, ಎರಡು ಸಲ. ಆಮೇಲೆ ಗೊತ್ತಾಯಿತು, ಅವರು ಕೇಳಿದ್ದು ಡಬ್ಬಿ ವಾಪಸ್ ತರ್ತೀಯಾ ಅಂತ.

ಮೊದಲ ಸಂಬಳ ಬಂದ ದಿನ ಅಪ್ಪನಿಗೆ ನಿಜ ಹೇಳಿದೆ. ಬೈಯಲಿಲ್ಲ, ನಕ್ಕರು. ಅವರೂ ಹುಡುಗರಾಗಿದ್ದಾಗ ಮನೆಯಲ್ಲಿ ಹೇಳದೆ ದೀಪಾವಳಿ ಜಾತ್ರೆಗೆ ಮಾದೇಶ್ವರನ ಬೆಟ್ಟಕ್ಕೆ ಓಡಿಹೋಗಿದ್ದರಂತೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಕಂಸಾಳೆ ನೋಡಿದ್ದರಂತೆ. "ಅಲ್ಲಿ ಬೀಸು ಕಂಸಾಳೆ ನೋಡ್ದಿ, ಮನ್ಗ ಬಂದ್ಮೇಲ ನಿಮ್ ತಾತ ಬೀಸಿ ಬೀಸಿ ಕೊಟ್ರು. ನಿಂಗ ಅಗ್ಗಕ್ಕೇ ಆಯ್ತು ಬುಡು" ಅಂದರು.

ಮೆಟಾಲಿಕಾ ಮತ್ತೆ ಈ ಕಡೆ ಬರಲಿಲ್ಲ. ಗೆಳೆಯನಿಗೆ ಈಗ ಚಾಮರಾಜನಗರದಲ್ಲಿ ಸ್ವಂತ ಮೊಬೈಲ್ ಅಂಗಡಿ ಇದೆ, ಇಬ್ಬರು ಹುಡುಗರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾನೆ. ಹೋದ ತಿಂಗಳು ಊರಿಗೆ ಹೋಗುವಾಗ ಅಲ್ಲಿ ಇಳಿದೆ. ಟೀ ಕುಡಿಯುತ್ತಾ, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದೆ.

"ಅವತ್ತು ಫೋನಲ್ಲಿ ಹಾಡು ಹೆಂಗ್ ಕೇಳಿಸ್ತು?"

"ಯಾವ್ ಹಾಡ್ಲಾ? ಬರೀ ಕೊರ್ರ್ ಅಂತಿತ್ತು. ನಿನ್ ಪಕ್ಕದಲ್ಲಿ ಯಾವನೋ ಕೆಮ್ಮಿದ್ದು ಮಾತ್ರ ಚೆನ್ನಾಗಿ ಕೇಳಿಸ್ತು."

"ಮತ್ತೆ ಯಾಕ್ಲಾ ರೀಚಾರ್ಜ್ ಮಾಡ್ದೆ?"

ಗಿರಾಕಿಯೊಬ್ಬರು ಬಂದು ಸ್ಕ್ರೀನ್ ಗಾರ್ಡ್ ಕೇಳಿದರು. ಅವನು ಎದ್ದು ಹೋದ.