ಎಂಜಿನಿನ ಗಾತ್ರವನ್ನು ಅಳೆಯುವುದು ಹೇಗೆ?

1960ರ ದಶಕದಲ್ಲಿ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಮೋಟಾರು ಸೈಕಲ್ಲನ್ನು ಜನರು 250 ಸಿ.ಸಿ.ಯ ಗಾಡಿಯೆಂದು ಕರೆಯುತ್ತಿದ್ದರು. ಈ ಸಂಖ್ಯೆ ಎಂಜಿನಿನ ತೂಕವಲ್ಲ, ಶಕ್ತಿಯೂ ಅಲ್ಲ. ಪಿಸ್ಟನ್ನು ಸಿಲಿಂಡರಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸರಿಯುವಾಗ ಕ್ರಮಿಸುವ ಘನಗಾತ್ರವೇ ಅದು, ಸಿ.ಸಿ. ಎಂದರೆ ಘನ ಸೆಂಟಿಮೀಟರು.

ಲೆಕ್ಕ ಮಾಡಿ ನೋಡೋಣ. ಆ ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು, ಎಂದರೆ 6.5 ಮತ್ತು 7.5 ಸೆಂಟಿಮೀಟರು. ತ್ರಿಜ್ಯವಾದ 3.25ರ ವರ್ಗವನ್ನು 3.1416ರಿಂದ ಗುಣಿಸಿದರೆ ಸಿಲಿಂಡರಿನ ಬಾಯಿಯ ವಿಸ್ತೀರ್ಣ 33.18 ಚದರ ಸೆಂಟಿಮೀಟರು. ಅದನ್ನು 7.5ರಿಂದ ಗುಣಿಸಿದರೆ ಸುಮಾರು 249 ಘನ ಸೆಂಟಿಮೀಟರು. ಇದು ಒಂದೇ ಸಿಲಿಂಡರಿನ ಎಂಜಿನು. ನಾಲ್ಕಿದ್ದರೆ ಮತ್ತೆ ನಾಲ್ಕರಿಂದ ಗುಣಿಸಬೇಕು.

ಇದು ಎಷ್ಟು ಘನ ಅಂಗುಲ? ಅಂಗುಲಕ್ಕೆ 2.54 ಸೆಂಟಿಮೀಟರೆಂದು 249ನ್ನು 2.54ರಿಂದ ಭಾಗಿಸಿ, 98 ಎಂದು ಉತ್ತರಿಸುವ ವಿದ್ಯಾರ್ಥಿಗಳನ್ನು ನಾವು ತರಗತಿಯಲ್ಲಿ ಆಗಾಗ ಕಾಣುತ್ತೇವೆ. ಆದರೆ 98 ಘನ ಅಂಗುಲವೆಂದರೆ 1600 ಸಿ.ಸಿ.ಗೂ ಮಿಗಿಲು, ಅದು ಕಾರಿನ ಎಂಜಿನು! ಉದ್ದ, ಅಗಲ, ಎತ್ತರ ಮೂರರ ಮಾನವೂ ಬದಲಾಗುವುದರಿಂದ 2.54ರ ಘನವನ್ನೇ ತೆಗೆದುಕೊಳ್ಳಬೇಕು. ಒಂದು ಘನ ಅಂಗುಲಕ್ಕೆ 16.387 ಘನ ಸೆಂಟಿಮೀಟರು. ಸರಿಯಾದ ಉತ್ತರ 15.2.

ಬಂದ ಉತ್ತರವು ಕಣ್ಣೆದುರಿನ ವಸ್ತುವಿಗೆ ಹೊಂದುವುದೇ ಎಂದು ಕೇಳಿಕೊಳ್ಳದಿದ್ದರೆ ಲೆಕ್ಕ ಮುಗಿದಂತಲ್ಲ.