ಹುಲಿಯ ನೆಗೆತ, ಆಡಿನ ಒಗ್ಗಟ್ಟು

ಮಕ್ಕಳೇ, ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಆಡುವ ಆಡು-ಹುಲಿ ಆಟ ನಿಮಗೆ ಗೊತ್ತಿರಬಹುದು. ಹಂಪಿಯ ಕಲ್ಲುಹಾಸುಗಳ ಮೇಲೆ ಹಿಂದಿನವರು ಕೊರೆದ ಇಂಥ ಆಟದ ಗೆರೆಗಳನ್ನು ಇಂದಿಗೂ ಕಾಣಬಹುದು. ಈ ಆಟದ ಒಂದು ಬಗೆಯಲ್ಲಿ 23 ಮನೆಗಳು. ಒಬ್ಬರಿಗೆ 3 ಹುಲಿ, ಇನ್ನೊಬ್ಬರಿಗೆ 15 ಆಡು. ಮೂರಕ್ಕೆ ಹದಿನೈದು! ಇದು ಅನ್ಯಾಯವಲ್ಲವೇ?

ಅಲ್ಲ. ಹುಲಿಯು ಪಕ್ಕದ ಆಡಿನ ಮೇಲೆ ನೆಗೆದು ಅದನ್ನು ತಿನ್ನಬಲ್ಲದು. ಆಡು ಯಾರನ್ನೂ ತಿನ್ನಲಾರದು. ಆದರೆ ಆಡಿನ ಹಿಂದಿನ ಮನೆಯಲ್ಲಿ ಇನ್ನೊಂದು ಆಡು ನಿಂತಿದ್ದರೆ ಹುಲಿಗೆ ನೆಗೆಯಲು ಜಾಗವಿಲ್ಲ. ಹುಲಿಯ ನೆಗೆತಕ್ಕೆ ಒಂದು ಸರದಿ ಬೇಕು. ಆಡುಗಳ ಒಗ್ಗಟ್ಟಿಗೆ ಸರದಿ ಬೇಡ. ಸುಮ್ಮನೆ ನಿಂತರೂ ಅದು ಕಾಯುತ್ತದೆ. ಮೊದಲನೆಯದು ಬಳಸುವ ಶಕ್ತಿ, ಎರಡನೆಯದು ಸಹಜ ಗುಣ. ಇವೆರಡೂ ಸರಿತೂಗಿದಾಗಲೇ ಆಟ ರಂಗೇರುತ್ತದೆ. ಆಡುಗಳನ್ನು ಎಂಟಕ್ಕೆ ಇಳಿಸಿದರೆ ಹುಲಿಗಳನ್ನು ಕಟ್ಟಿಹಾಕುವುದು ಬಲು ಕಷ್ಟ. ಇಪ್ಪತ್ತಕ್ಕೆ ಏರಿಸಿದರೆ, ಒಂದೂ ಸಾಯದಿದ್ದಲ್ಲಿ, 23 ಮನೆಗಳೂ ತುಂಬಿ ಹುಲಿಗಳು ಅಲುಗಾಡಲಾರವು.

ಗಣಕಯಂತ್ರದ ಆಟಗಳನ್ನು ರಚಿಸುವವರಿಗೂ ಇದೇ ಚಿಂತೆ. ಗೋವಾದ ಮುರಗಾಂವ ತಾಲೂಕಿನ ಝುವಾರಿನಗರವನ್ನೇ ನೋಡಿ. ಕರ್ನಾಟಕದಿಂದ ದುಡಿಮೆಗೆ ಬಂದು ನೆಲೆಸಿದ ಅನೇಕ ಕುಟುಂಬಗಳು ಇಲ್ಲಿವೆ. 2004ರಲ್ಲಿ ಆರಂಭವಾದ ಬಿಟ್ಸ್ ಪಿಲಾನಿಯ ಗೋವಾ ಕ್ಯಾಂಪಸ್ಸೂ ಇಲ್ಲಿಯೇ ಇದೆ. ಊರಿನಿಂದ ಬಂದ ಅಜ್ಜಿಗೆ ಗೊತ್ತಿರುವ ಆಡು-ಹುಲಿಯ ಲೆಕ್ಕವೂ, ಅಂಥ ಕಾಲೇಜಿನಲ್ಲಿ ಗಣಕ ವಿಜ್ಞಾನ ಓದುವವರು ಆಟ ರಚಿಸುವಾಗ ಹಾಕಬೇಕಾದ ಲೆಕ್ಕವೂ ಬೇರೆಯಲ್ಲ.

ಒಂದು ಕಾಲ್ಪನಿಕ ಯುದ್ಧದ ಆಟವನ್ನು ಊಹಿಸಿಕೊಳ್ಳಿ. ಮಾಂತ್ರಿಕನೊಬ್ಬ ಬೆಂಕಿಮಂತ್ರ ಹಾಕಿದರೆ ಎದುರಾಳಿಗೆ 12 ಅಂಕಗಳ ಪೆಟ್ಟು. ಆದರೆ ಮಂತ್ರಶಕ್ತಿ ಮತ್ತೆ ತುಂಬಲು ಸಮಯ ಬೇಕಾದ್ದರಿಂದ ಮೂರು ಸರದಿಗೆ ಒಮ್ಮೆ ಮಾತ್ರ ಅದನ್ನು ಬಳಸಬಹುದು. ಅಂದರೆ ಸರಾಸರಿ ಒಂದು ಸರದಿಗೆ 4 ಅಂಕ. ಎದುರಾಳಿಯ ಮಾಂತ್ರಿಕನಿಗೆ ಮಂತ್ರವಿಲ್ಲ, ಒಂದು ಸಹಜ ಗುಣವಿದೆ: ಅವನ ಪ್ರತಿ ಸೈನಿಕನಿಗೂ ಬೀಳುವ ಪೆಟ್ಟಿನಲ್ಲಿ 1 ಅಂಕ ಕಡಿಮೆ. ಕೇಳಲು ಎಷ್ಟು ಸಣ್ಣದು! ನಾಲ್ಕು ಸೈನಿಕರಿಗೆ ಸರದಿಗೊಂದು ಪೆಟ್ಟು ಬಿದ್ದರೆ ಉಳಿಯುವುದು 4 ಅಂಕ. ತಕ್ಕಡಿ ಸಮವಾಯಿತು. ಆದರೆ ಸೈನಿಕರು ಹನ್ನೆರಡಾದರೆ? ಪ್ರತಿ ಸರದಿಗೆ 12 ಅಂಕ ಉಳಿಯುತ್ತದೆ. ಸಣ್ಣ ಗುಣವು ಬೆಂಕಿಮಂತ್ರದ ಮೂರು ಪಟ್ಟಾಯಿತು! ಸಹಜ ಗುಣಕ್ಕೆ ಸದ್ದಿಲ್ಲ. ಅದಕ್ಕೇ ಅದರ ಬೆಲೆಯನ್ನು ಕಡಿಮೆ ಎಣಿಸುವ ಅಪಾಯ ಹೆಚ್ಚು.

ಇದನ್ನು ಸರಿಪಡಿಸುವುದು ಹೇಗೆ? ಆ ಗುಣ ಪಕ್ಕದಲ್ಲಿರುವ ಸೈನಿಕರಿಗೆ ಮಾತ್ರ ಎನ್ನಬಹುದು; ಅಂಥ ಮಾಂತ್ರಿಕನಿಗೆ ಹೆಚ್ಚು ಬೆಲೆ ಇಡಬಹುದು; ಗುಂಪಾಗಿ ನಿಂತವರಿಗೆಲ್ಲ ಬೆಂಕಿ ತಗಲುವಂತೆ ಮಾಡಬಹುದು. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಬದಲಿಸಿದ ಮೇಲೆ ಪಕ್ಷಗಳನ್ನು ಅದಲುಬದಲು ಮಾಡಿಕೊಂಡು ಹಲವು ಸಲ ಆಡಿ, ಯಾರು ಎಷ್ಟು ಸಲ ಗೆದ್ದರೆಂದು ಬರೆದಿಡಬೇಕು.

ಹಳೆಯ ಆಟಗಳೂ ಹೀಗೆಯೇ ಬದಲಾಗಿವೆ. ನಮ್ಮ ಪ್ರಾಚೀನ ಚತುರಂಗದಲ್ಲಿ ಮಂತ್ರಿಯು ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. 15ನೆಯ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಆ ಕಾಯಿ ರಾಣಿಯಾಗಿ, ಎಲ್ಲ ದಿಕ್ಕಿಗೂ ಎಷ್ಟು ಮನೆಯಾದರೂ ಹೋಗುವ ಬಲ ಪಡೆಯಿತು. ಆಟ ಚುರುಕಾಯಿತು. ಎರಡೂ ಪಕ್ಷಗಳಿಗೆ ಅದೇ ಬಲ ಸಿಕ್ಕಿದ್ದರಿಂದ ತಕ್ಕಡಿ ವಾಲಲಿಲ್ಲ. ಆದರೂ ಬಿಳಿಯ ಕಾಯಿಗೆ ಮೊದಲ ನಡೆ ಇರುವುದರಿಂದ, ಪಂದ್ಯಗಳಲ್ಲಿ ಆಟಗಾರರು ಬಣ್ಣ ಬದಲಿಸಿಕೊಂಡು ಆಡುತ್ತಾರೆ.

ಒಬ್ಬರೇ ಸದಾ ಗೆಲ್ಲುವ ಆಟಕ್ಕೆ ಎರಡನೆಯ ದಿನ ಎದುರಾಳಿ ಸಿಗುವುದಿಲ್ಲ. ಸೋತವನಿಗೂ ‘ನಾನು ಬೇರೆ ರೀತಿ ಆಡಿದ್ದರೆ ಗೆಲ್ಲುತ್ತಿದ್ದೆ’ ಎನಿಸಬೇಕು. ನಿಯಮ ಬದಲಿಸಬೇಕಾದರೆ ಆಟಕ್ಕೆ ಮೊದಲೇ, ಇಬ್ಬರೂ ಒಪ್ಪಿ ಬದಲಿಸಬೇಕು. ಸೋಲುವಾಗ ನಡುವೆ ಬದಲಿಸುವುದು ಮೋಸ. ಈ ಮಾತು ಆಟದಂಗಳಕ್ಕೆ ಮಾತ್ರವೇ? ನೀವೇ ಯೋಚಿಸಿ.

ಅಭ್ಯಾಸ
1. ಬಳಸುವ ಶಕ್ತಿಗೂ ಸಹಜ ಗುಣಕ್ಕೂ ಇರುವ ವ್ಯತ್ಯಾಸವೇನು?
2. ಸೈನಿಕರು ಎಂಟು ಇದ್ದರೆ ಸಹಜ ಗುಣವು ಬೆಂಕಿಮಂತ್ರದ ಎಷ್ಟು ಪಟ್ಟಾಗುತ್ತದೆ?
3. ಆಡು-ಹುಲಿ ಆಟವನ್ನು 12 ಆಡುಗಳಿಂದ ಹತ್ತು ಸಲ ಆಡಿ, ಫಲಿತಾಂಶವನ್ನು ಪಟ್ಟಿ ಮಾಡಿರಿ.